ಮಧ್ಯಯುಗದ ಕವಚಗಳ ಪುನರ್ರಚನೆ: ವಿಸ್ಬಿಯ ಸಾಕ್ಷ್ಯ

೧

ಮಧ್ಯಯುಗದ ಯೂರೋಪಿನ ಯೋಧನೆಂದೊಡನೆ, ಅಡಿಯಿಂದ ಮುಡಿಯವರೆಗೆ ಹೊಳೆಯುವ ಉಕ್ಕಿನ ತಗಡುಗಳನ್ನು ತೊಟ್ಟು ಕುದುರೆಯೇರಿದ ವೀರನ ಚಿತ್ರ ನಮ್ಮ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಮೂಡುವುದು ಸಹಜ. ಈ ಚಿತ್ರಕ್ಕೆ ಆಧಾರವಾದ ಕವಚಗಳು ಬಹುಮಟ್ಟಿಗೆ ೧೫ನೆಯ ಶತಮಾನದ ಉತ್ತರಾರ್ಧಕ್ಕೂ ೧೬ನೆಯ ಶತಮಾನಕ್ಕೂ ಸೇರಿದವು. ಅವೂ ರಾಜರ ಮತ್ತು ಸಿರಿವಂತ ಪ್ರಭುಗಳ ಆಯುಧಶಾಲೆಗಳಲ್ಲಿ ಜೋಪಾನವಾಗಿ ಉಳಿದುಬಂದವು. ಅದಕ್ಕೆ ಹಿಂದಿನ ಕಾಲದ ಕವಚಗಳು, ಅದರಲ್ಲಿಯೂ ಸಾಮಾನ್ಯ ಕಾಲಾಳು ತೊಟ್ಟವು, ಉಳಿದಿರುವುದು ಅತ್ಯಲ್ಪ. ಕಬ್ಬಿಣಕ್ಕೆ ಬೆಲೆಯಿದ್ದುದರಿಂದ ಹಳೆಯ ಕವಚ ಮತ್ತೆ ಕಮ್ಮಾರನ ಕುಲುಮೆಯನ್ನು ಸೇರುತ್ತಿತ್ತು. ಸೇರದೆ ಉಳಿದುದು ತುಕ್ಕು ಹಿಡಿಯುತ್ತಿತ್ತು. ತೊಗಲು, ಬಟ್ಟೆ, ಹೊಲಿಗೆಯ ದಾರಗಳು ಮಣ್ಣಾಗುತ್ತಿದ್ದುವು.

ಹಾಗಾದರೆ ೧೪ನೆಯ ಶತಮಾನದ ಕವಚವೊಂದನ್ನು ಇಂದು ಮತ್ತೆ ನಿರ್ಮಿಸುವವನು ಯಾವ ಆಧಾರದಿಂದ ನಿರ್ಮಿಸುತ್ತಾನೆ? ಅವನ ಕೃತಿಯನ್ನು ಎಷ್ಟರಮಟ್ಟಿಗೆ ನಂಬಬಹುದು? ಪ್ರಕೃತ ಲೇಖನದಲ್ಲಿ ಈ ಪ್ರಶ್ನೆಗಳನ್ನು ವಿಚಾರಮಾಡಲು ಉದ್ದೇಶಿಸಿದ್ದೇವೆ. ಪುನರ್ರಚಿತವಾದ ಕವಚ ಪ್ರಾಚೀನ ವಸ್ತುವಿನ ನಕಲಲ್ಲ. ಅದು ಕಬ್ಬಿಣ ತೊಗಲುಗಳಲ್ಲಿ ಬರೆದ ಒಂದು ವಾದ. ವಾದದ ಪ್ರತಿಯೊಂದು ಹೆಜ್ಜೆಗೂ ಸಾಕ್ಷ್ಯವೇನೆಂದು ಬೇರೆಬೇರೆಯಾಗಿ ತೋರಿಸಲು ಸಾಧ್ಯವಾದಾಗ ಮಾತ್ರ ಅದಕ್ಕೆ ಶಾಸ್ತ್ರೀಯ ಬೆಲೆಯುಂಟು ಎಂಬುದು ನಮ್ಮ ಅಭಿಪ್ರಾಯ.

ಸಾಕ್ಷ್ಯಗಳು ಮೂರು ಬಗೆ: ಚಿತ್ರ ಹಾಗೂ ಶಿಲ್ಪ, ಬರೆಹ, ಉಳಿದುಬಂದ ವಸ್ತು. ಈ ಮೂರರಲ್ಲಿ ಪ್ರತಿಯೊಂದಕ್ಕೂ ಅದರದರ ಕೊರತೆಯಿದೆ.

೨

ಮೊದಲನೆಯದಾಗಿ ಚಿತ್ರ ಮತ್ತು ಶಿಲ್ಪ. ಯೂರೋಪಿನ ಇಗರ್ಜಿಗಳಲ್ಲಿ ಗೋರಿಗಳ ಮೇಲಣ ಶಯನಪ್ರತಿಮೆಗಳೂ, ಹಿತ್ತಾಳೆಯ ತಗಡುಗಳಲ್ಲಿ ಕೊರೆದ ಆಕೃತಿಗಳೂ, ಹಸ್ತಪ್ರತಿಗಳ ವರ್ಣಚಿತ್ರಗಳೂ ಹೇರಳವಾಗಿವೆ. ಅವುಗಳಲ್ಲಿ ಅನೇಕಕ್ಕೆ ಕಾಲ ನಿರ್ದಿಷ್ಟವಾಗಿರುವುದು ದೊಡ್ಡ ಅನುಕೂಲ. ಆದರೆ ಕಲಾವಿದ ಸಂಕೇತಗಳ ಮೂಲಕ ಮಾತನಾಡುತ್ತಾನೆಂಬುದನ್ನು ಮರೆಯಬಾರದು. ಸಾವಿರಾರು ಸಣ್ಣ ಕಬ್ಬಿಣದ ಬಳೆಗಳನ್ನು ಒಂದರೊಳಗೊಂದು ಹೆಣೆದು ಮಾಡಿದ ಸರಪಳಿ ಕವಚವನ್ನು ಕಲ್ಲಿನಲ್ಲಿ ಬಳೆಬಳೆಯಾಗಿ ಕೆತ್ತುವುದು ಬಹಳ ಶ್ರಮದ ಕೆಲಸ. ಆದುದರಿಂದ ಒಬ್ಬ ಶಿಲ್ಪಿ ಅರ್ಧಚಂದ್ರಾಕಾರದ ಸಾಲುಗಳನ್ನು ಕೆತ್ತಿದ; ಮತ್ತೊಬ್ಬ ಅಡ್ಡಪಟ್ಟಿಗಳ ನಡುವೆ ಗೆರೆಗಳನ್ನು ಎಳೆದ; ಇನ್ನೊಬ್ಬ ಬರಿಯ ಜಾಲರಿಯನ್ನು ಬರೆದ.

ಇಂಗ್ಲೆಂಡಿನ ಸ್ಯಾಮ್ಯುಯೆಲ್ ರಷ್ ಮೇರಿಕ್ ೧೮೨೪ರಲ್ಲಿ ಪ್ರಾಚೀನ ಕವಚಗಳನ್ನು ಕುರಿತು ಬೃಹದ್ಗ್ರಂಥವೊಂದನ್ನು ಪ್ರಕಟಿಸಿದನು. ಈ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಅವನು ಪ್ರಮುಖನೆಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ಬಗೆಬಗೆಯ ಸಂಕೇತಗಳನ್ನು ಅವನು ಬಗೆಬಗೆಯ ಕವಚಗಳೆಂದೇ ಎಣಿಸಿ, ಬಳೆ ಹೊಲಿದ ಕವಚ, ಜಾಲರಿ ಕವಚ, ಪಟ್ಟಿ ಕವಚ ಎಂದು ಮುಂತಾಗಿ ಹೆಸರಿಟ್ಟನು. ಅವುಗಳಲ್ಲಿ ಬಹುಪಾಲು ಒಂದೇ ಹೆಣಿಗೆಯ ಕವಚದ ಬೇರೆಬೇರೆ ಚಿತ್ರಣಗಳು ಮಾತ್ರವೆಂದು ಮುಂದಿನ ವಿದ್ವಾಂಸರು ನಿರ್ಣಯಿಸಿದ್ದಾರೆ. ಆದರೂ ಆ ಹೆಸರುಗಳು ಜನಪ್ರಿಯ ಪುಸ್ತಕಗಳಲ್ಲಿ ದೀರ್ಘಕಾಲ ಬಾಳಿದವು. ಒಮ್ಮೆ ರೂಪ ತಳೆದ ಊಹೆ ತಾನೇ ಆಧಾರವಾಗಿ ಪರಿಣಮಿಸುವ ಅಪಾಯಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಎರಡನೆಯದು ಬರೆಹ. ೧೨೮೫ರ ವಿಂಚೆಸ್ಟರ್ ಶಾಸನವು ೧೫ರಿಂದ ೬೦ ವರ್ಷ ವಯಸ್ಸಿನ ಪುರುಷರು ತಮ್ಮ ಆಸ್ತಿಗೆ ಅನುಗುಣವಾಗಿ ಇಟ್ಟುಕೊಂಡಿರಬೇಕಾದ ಆಯುಧಗಳನ್ನು ಗೊತ್ತುಪಡಿಸಿತು. ೧೫ ಪೌಂಡು ಬೆಲೆಯ ಭೂಮಿಯುಳ್ಳವನಿಗೆ ಸರಪಳಿ ಕವಚ, ಕಬ್ಬಿಣದ ಟೋಪಿ, ಕತ್ತಿ, ಚೂರಿ, ಕುದುರೆ. ೫ ಪೌಂಡಿನ ಭೂಮಿಯುಳ್ಳವನಿಗೆ ಸರಪಳಿ ಕವಚಕ್ಕೆ ಬದಲಾಗಿ ಒಳಗೆ ತುಂಬು ತುಂಬಿ ಹೊಲಿದ ಅಂಗಿ, ಅದರೊಡನೆ ಕಬ್ಬಿಣದ ಟೋಪಿ, ಕತ್ತಿ, ಚೂರಿ. ಲಂಡನ್ ನಗರದ ಕವಚಗಾರರ ಕಸಬನ್ನು ಕುರಿತ ೧೩೨೨ರ ನಿಯಮಗಳು ಇನ್ನೂ ಸೂಕ್ಷ್ಮವಾಗಿವೆ. ಇಂತಹ ಅಂಗಿಗಳಲ್ಲಿ ರೇಷ್ಮೆಯ ಹೊದಿಕೆಯಿರುವವುಗಳಿಗೆ ಯಾವ ತುಂಬು, ಬಿಳಿಯ ಬಟ್ಟೆಯವಕ್ಕೆ ಯಾವ ತುಂಬು ಎಂಬುದನ್ನು ಅವು ವಿಧಿಸುತ್ತವೆ. ಎರಡರಲ್ಲಿಯೂ ಹತ್ತಿಯ ಉಲ್ಲೇಖವುಂಟು. ಅಕೆಟನ್ ಎಂಬ ಆ ಅಂಗಿಯ ಹೆಸರೇ ಹತ್ತಿ ಎಂಬರ್ಥದ ಅರಬ್ಬೀ ಶಬ್ದದಿಂದ ಬಂದುದು. ಹೊಳೆಯುವ ಉಕ್ಕಿನ ಚಿತ್ರದಲ್ಲಿ ಮರೆಯಾಗಿಹೋದ, ನಮ್ಮ ಕೌದಿಯನ್ನು ನೆನಪಿಗೆ ತರುವ ಈ ಹೊಲಿಗೆಯ ಅಂಗಿಯೇ ಅನೇಕ ಕಾಲಾಳುಗಳಿಗೆ ಮುಖ್ಯ ರಕ್ಷೆಯಾಗಿತ್ತು.

ಆದರೆ ಶಾಸನವು ಇರಬೇಕಾದುದನ್ನು ಹೇಳುತ್ತದೆ, ಇದ್ದುದನ್ನು ಹೇಳುವುದಿಲ್ಲ. ಅದೂ ಅಲ್ಲದೆ, ಹೆಸರನ್ನು ಕೊಡುತ್ತದೆಯೇ ಹೊರತು ರೂಪವನ್ನು ಕೊಡುವುದಿಲ್ಲ.

೩

ಮೂರನೆಯ ಬಗೆಯ ಸಾಕ್ಷ್ಯಕ್ಕೆ, ಎಂದರೆ ವಸ್ತುವಿಗೆ, ಸ್ವೀಡನ್ನಿಗೆ ಸೇರಿದ ಗಾಟ್ಲೆಂಡ್ ದ್ವೀಪದ ವಿಸ್ಬಿ ನಗರ ಅಪೂರ್ವವಾದ ಉದಾಹರಣೆ. ೧೩೬೧ರ ಜುಲೈ ೨೭ರಂದು, ಆ ನಗರದ ಕೋಟೆಯ ಹೊರಗೆ, ಡೆನ್ಮಾರ್ಕಿನ ದೊರೆ ನಾಲ್ಕನೆಯ ವಾಲ್ಡೆಮಾರನ ಸೈನ್ಯಕ್ಕೂ ದ್ವೀಪದ ರೈತರ ಪಡೆಗೂ ಯುದ್ಧ ನಡೆಯಿತು. ಪಳಗಿದ ಸೈನಿಕರೆದುರು ರೈತರು ನಿಲ್ಲಲಾರದೆ ಹೋದರು. ಮಡಿದವರನ್ನು ದೊಡ್ಡ ಗುಂಡಿಗಳಲ್ಲಿ ಒಟ್ಟಾಗಿ ಹೂಳಿ, ಅಲ್ಲೊಂದು ಕಲ್ಲಿನ ಶಿಲುಬೆಯನ್ನು ನೆಡಲಾಯಿತು. ಸಾಮಾನ್ಯವಾಗಿ ಗೆದ್ದವರು ಸತ್ತವರ ಮೈಮೇಲಿನ ಕವಚಗಳನ್ನು ಸುಲಿದುಕೊಳ್ಳುತ್ತಿದ್ದರು. ಇಲ್ಲಿ ಬೇಸಗೆಯ ಸೆಕೆಯಲ್ಲಿ ಹೆಣಗಳು ಬೇಗ ಕೊಳೆಯತೊಡಗಿದುದರಿಂದಲೂ, ಅವುಗಳ ಸಂಖ್ಯೆ ಅಧಿಕವಾಗಿದ್ದುದರಿಂದಲೂ, ಅನೇಕರನ್ನು ತೊಟ್ಟ ಕವಚದೊಡನೆಯೇ ಹೂಳಲಾಯಿತೆಂದು ವಿದ್ವಾಂಸರು ಊಹಿಸಿದ್ದಾರೆ.

೧೯೦೫ರಲ್ಲಿ ಆರಂಭವಾದ ಉತ್ಖನನ ಹಲವು ಹಂತಗಳಲ್ಲಿ ನಡೆದು ೧೯೩೦ರಲ್ಲಿ ಮುಗಿಯಿತು. ಒಟ್ಟು ೧,೧೮೫ ಮಂದಿಯ ಅವಶೇಷಗಳನ್ನು ಎಣಿಸಲಾಯಿತು. ಬೆಂಗ್ಟ್ ಥೋರ್ಡೆಮಾನ್ ೧೯೩೯–೪೦ರಲ್ಲಿ ಪ್ರಕಟಿಸಿದ ಎರಡು ಸಂಪುಟಗಳ ವರದಿ ಇಂದಿಗೂ ಈ ಕ್ಷೇತ್ರದ ಮೂಲಗ್ರಂಥವಾಗಿದೆ. ಅವರು ೨೫ ಕವಚಗಳನ್ನು ಗುರುತಿಸಿ ಆರು ವರ್ಗಗಳಾಗಿ ವಿಂಗಡಿಸಿದರು. ಇವುಗಳಲ್ಲಿ ಒಂದನ್ನು ಬಿಟ್ಟರೆ ಉಳಿದವುಗಳ ರಚನಾಕ್ರಮ ಒಂದೇ: ತೊಗಲಿನ ಅಥವಾ ಬಟ್ಟೆಯ ಅಂಗಿಯ ಒಳಮೈಗೆ ಕಬ್ಬಿಣದ ತಗಡುಗಳನ್ನು ಒಂದರ ಅಂಚಿನ ಮೇಲೊಂದು ಬರುವಂತೆ ಜೋಡಿಸಿ ರಿವೆಟ್ಟು ಮೊಳೆಗಳಿಂದ ಬಿಗಿಯುವುದು. ಹೊರಗಿನಿಂದ ನೋಡುವವನಿಗೆ ಕಾಣುವುದು ಅಂಗಿ ಹಾಗೂ ಮೊಳೆಗಳ ತಲೆಗಳು ಮಾತ್ರ. ಆ ಕಾಲದ ಶಿಲ್ಪಗಳಲ್ಲಿ ಮೇಲುಡುಗೆಯ ಮರೆಯಲ್ಲಿ ಅಡಗಿದ್ದ ಈ ಕವಚದ ಒಳರಚನೆ ವಿಸ್ಬಿಯ ಗುಂಡಿಗಳಿಂದ ವಿಶದವಾಯಿತು.

ಇಲ್ಲಿ ಸಂಶೋಧಕನ ಕ್ರಮವನ್ನು ಗಮನಿಸಬೇಕು. ತೊಗಲು ನಶಿಸಿದೆ, ತಗಡುಗಳು ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡಿವೆ. ಆದರೆ ಅವು ಬಿದ್ದಿರುವ ಕ್ರಮದಲ್ಲಿಯೇ ಕವಚದ ಕತ್ತರಿಕೆ ಅಡಗಿದೆ. ರಿವೆಟ್ಟು ಮೊಳೆಯ ತಲೆಗೂ ತಗಡಿಗೂ ನಡುವೆ ಉಳಿದಿರುವ ಅಂತರದಿಂದ, ಮಣ್ಣಾಗಿಹೋದ ಹೊದಿಕೆ ಎಷ್ಟು ದಪ್ಪವಿತ್ತೆಂಬುದನ್ನು ಅಳೆಯಬಹುದು. ಬಕಲುಗಳು ಸಿಕ್ಕ ಸ್ಥಾನದಿಂದ ಕವಚ ಎಲ್ಲಿ ತೆರೆಯುತ್ತಿತ್ತೆಂಬುದು ತಿಳಿಯುತ್ತದೆ. ಕೆಲವು ಕವಚಗಳು ಬೆನ್ನಿನ ಕಡೆ ಬಿಗಿಯುವಂಥವು; ಅವನ್ನು ತೊಡಲು ಮತ್ತೊಬ್ಬನ ಕೈ ಬೇಕಾಗುತ್ತಿತ್ತು. ಒಂದು ಬಕಲಿನ ಸ್ಥಾನದಿಂದ, ಯುದ್ಧಕ್ಕೆ ಮುನ್ನ ಇಬ್ಬರು ರೈತರು ಒಬ್ಬರಿಗೊಬ್ಬರು ನೆರವಾಗಿರಬೇಕೆಂಬ ಮಾತಿನವರೆಗೆ ನಾವು ಹೋಗಬಹುದು. ಆದರೆ ಆ ಹೊದಿಕೆಯ ಬಣ್ಣವೇನೆಂದು ಹೇಳಲು ಬಕಲು ನೆರವಾಗದು. ಮೊದಲನೆಯದು ಅನುಮಾನ, ಎರಡನೆಯದು ಕಲ್ಪನೆ.

ಎಲುಬುಗಳೂ ಸಾಕ್ಷಿ ನುಡಿಯುತ್ತವೆ. ಅವುಗಳ ಮೇಲಣ ಕಡಿತದ ಗಾಯಗಳಲ್ಲಿ ಹೆಚ್ಚಿನ ಭಾಗ ಕಣಕಾಲಿನಲ್ಲಿ ಕಂಡುಬಂದಿದೆ. ಮುಂಡಕ್ಕೆ ಕವಚವೂ ಗುರಾಣಿಯೂ ಇದ್ದಾಗ ಶತ್ರುವಿನ ಕತ್ತಿ ರಕ್ಷೆಯಿಲ್ಲದ ಕಾಲನ್ನು ಹುಡುಕಿತೆಂದು ಇದನ್ನು ಅರ್ಥಮಾಡಬಹುದು. ಆದುದರಿಂದ ವಿಸ್ಬಿಯ ರೈತನ ಆಕೃತಿಯನ್ನು ನಿಲ್ಲಿಸುವವನು ಅಂದಕ್ಕಾಗಿ ಅವನ ಕಾಲುಗಳಿಗೂ ಉಕ್ಕಿನ ರಕ್ಷೆ ತೊಡಿಸಿದರೆ, ಆ ಮನುಷ್ಯ ಹೇಗೆ ಸತ್ತನೆಂಬ ಸತ್ಯವನ್ನೇ ಮುಚ್ಚಿದಂತಾಗುತ್ತದೆ.

೪

ಸಾಕ್ಷ್ಯಗಳು ಮುಗಿದ ಮೇಲೆ ತಯಾರಿಕೆ ಆರಂಭವಾಗುತ್ತದೆ. ತಯಾರಿಕೆಯೂ ಒಂದು ಪರೀಕ್ಷೆಯೇ. ಫ್ರಾನ್ಸಿನ ಲಿಯೋನ್ ನಗರದ ವಸ್ತ್ರ ಸಂಗ್ರಹಾಲಯದಲ್ಲಿ, ೧೩೬೪ರಲ್ಲಿ ಯುದ್ಧದಲ್ಲಿ ಮಡಿದ ಬ್ಲ್ವಾ ಮನೆತನದ ಶಾರ್ಲನದೆಂದು ಹೇಳಲಾಗುವ ಅಂಗಿಯೊಂದಿದೆ. ಅದರ ತೋಳುಗಳು ಭುಜದ ಅಂಚಿನಲ್ಲಿ ನಿಲ್ಲದೆ, ಎದೆಯ ಮತ್ತು ಬೆನ್ನಿನ ಮೇಲೆ ದೊಡ್ಡ ವೃತ್ತಾಕಾರವಾಗಿ ಹಬ್ಬಿವೆ. ನೋಡಿದರೆ ಇದು ಅಲಂಕಾರವೆನಿಸಬಹುದು. ಅದೇ ಕತ್ತರಿಕೆಯಲ್ಲಿ ಅಂಗಿ ಹೊಲಿದು ತೊಟ್ಟಾಗ ಮಾತ್ರ, ಮೈಗೆ ಬಿಗಿಯಾಗಿದ್ದರೂ ಕೈಯೆತ್ತಿದರೆ ಅಂಗಿ ಮೇಲಕ್ಕೆ ಎಳೆದುಕೊಳ್ಳುವುದಿಲ್ಲವೆಂಬುದು ಅನುಭವಕ್ಕೆ ಬರುತ್ತದೆ.

ತಯಾರಿಕೆಯಿಂದ ತಪ್ಪು ನಂಬಿಕೆಗಳನ್ನು ತೊಲಗಿಸಬಹುದು. ಕವಚ ತೊಟ್ಟವನನ್ನು ರಾಟೆಯಿಂದ ಎತ್ತಿ ಕುದುರೆಯ ಮೇಲೆ ಕೂರಿಸಬೇಕಾಗಿತ್ತೆಂಬ ಕಥೆಗೆ ೧೯೪೪ರ ‘ಐದನೆಯ ಹೆನ್ರಿ’ ಚಲಚ್ಚಿತ್ರ ಬಹಳ ಪ್ರಚಾರ ಕೊಟ್ಟಿತು. ಸರಿಯಾದ ಅಳತೆಯ ಕವಚ ತೊಟ್ಟವರು ತಾವೇ ಕುದುರೆಯೇರುವುದನ್ನೂ ಓಡುವುದನ್ನೂ ಇಂದು ಕಣ್ಣಾರೆ ಕಾಣಬಹುದು. ಆದರೆ ಅದಕ್ಕೆ ತೆರಬೇಕಾದ ಬೆಲೆಯುಂಟು. ೧೫ನೆಯ ಶತಮಾನದ ಕವಚಗಳ ಪ್ರತಿಕೃತಿಗಳನ್ನು ತೊಡಿಸಿ ಲೀಡ್ಸ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ನಡೆಸಿ, ೨೦೧೧ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಡಿಗೆಗೆ ಬೇಕಾಗುವ ಶಕ್ತಿ ಕವಚವಿಲ್ಲದಾಗಿನದಕ್ಕಿಂತ ೨.೧ರಿಂದ ೨.೩ರಷ್ಟು, ಓಟಕ್ಕೆ ೧.೯ರಷ್ಟು ಆಯಿತು. ಕಾಲಿಗೆ ಕಟ್ಟಿದ ಭಾರವನ್ನು ಹೆಜ್ಜೆಹೆಜ್ಜೆಗೂ ಬೀಸಬೇಕಾಗುವುದು ಇದಕ್ಕೆ ಮುಖ್ಯ ಕಾರಣ. ವಿಸ್ಬಿಯ ಕಾಲಾಳುಗಳ ರಕ್ಷೆಯಿಲ್ಲದ ಕಣಕಾಲುಗಳಿಗೆ ಬಡತನವೊಂದೇ ಕಾರಣವೋ ಎಂಬ ಪ್ರಶ್ನೆಯನ್ನು ಈ ಪ್ರಯೋಗ ಹುಟ್ಟಿಸುತ್ತದೆ. ಉತ್ತರವನ್ನು ಅದು ಕೊಡುವುದಿಲ್ಲ. ಪುನರ್ರಚನೆಯ ಮಿತಿಯೂ ಇದೇ: ಅಸಾಧ್ಯವಾದುದನ್ನು ಅಸಾಧ್ಯವೆಂದು ತೋರಿಸುವಷ್ಟು ಸುಲಭವಾಗಿ, ಸಾಧ್ಯವಾದುದು ನಡೆದೇ ಇತ್ತೆಂದು ಅದು ತೋರಿಸಲಾರದು.

ವಸ್ತುವಿನ ಗುಣವೂ ಮುಖ್ಯ. ಮಧ್ಯಯುಗದ ಕಬ್ಬಿಣದಲ್ಲಿ ಕಿಟ್ಟ ಬೆರೆತಿರುತ್ತಿತ್ತು. ಇಂಗಾಲದ ಪ್ರಮಾಣ ಒಂದೇ ತಗಡಿನಲ್ಲಿಯೂ ಏರುಪೇರಾಗಿರುತ್ತಿತ್ತು. ಕಾರ್ಖಾನೆಯಿಂದ ಬಂದ ಇಂದಿನ ಸಮರಸವಾದ ಉಕ್ಕಿನ ತಗಡಿಗೆ ಬಾಣ ಹೊಡೆದು, ಹಳೆಯ ಕವಚ ಹೀಗೆಯೇ ತಡೆಯುತ್ತಿತ್ತೆಂದು ಹೇಳುವುದು ಯುಕ್ತವಲ್ಲ. ಹಾಗೆಯೇ, ಬಳೆಗಳ ತುದಿಗಳನ್ನು ರಿವೆಟ್ಟು ಮಾಡದೆ ಬರಿದೆ ಕೂಡಿಸಿದ ಅಗ್ಗದ ಸರಪಳಿ ಕವಚ ದೂರಕ್ಕೆ ಹಳೆಯದರಂತೆಯೇ ಕಾಣುತ್ತದೆ. ಇರಿತಕ್ಕೆ ಬಾಯಿ ಬಿಡುತ್ತದೆ. ರೂಪದ ಪ್ರದರ್ಶನಕ್ಕೆ ಸಾಕಾದ ಪ್ರತಿಕೃತಿ ಬಲದ ಪರೀಕ್ಷೆಗೆ ಸಾಲದು.

೫

ಇದೆಲ್ಲ ದೂರದ ದೇಶದ ವಿಷಯವಾದರೂ, ಇಲ್ಲಿನ ವಿಧಾನ ನಮ್ಮ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಅಪ್ರಸ್ತುತವಲ್ಲ. ಕರ್ನಾಟಕದ ವೀರಗಲ್ಲುಗಳಲ್ಲಿ ಕಾದುವ ವೀರರ ಆಕೃತಿಗಳು ಅಸಂಖ್ಯಾತವಾಗಿವೆ. ನಮ್ಮ ಹಳೆಯ ಕಾವ್ಯಗಳಲ್ಲಿ ಜೋಡು, ಸೀಸಕ, ಹರಿಗೆ ಎಂಬ ಹೆಸರುಗಳೂ ಇವೆ. ಕಲ್ಲಿನ ಮೇಲಣ ಒಂದು ಗೆರೆಯನ್ನು ಕಾವ್ಯದ ಒಂದು ಹೆಸರಿನೊಡನೆ ಗಂಟುಹಾಕುವ ಮುನ್ನ, ಮೇರಿಕ್‌ನ ಪಟ್ಟಿ ಕವಚದ ಗತಿಯನ್ನು ಒಮ್ಮೆ ನೆನೆಯುವುದು ಒಳಿತು. ಆ ಗೆರೆ ಬಟ್ಟೆಯ ಮಡಿಕೆಯೋ, ಹೊಲಿಗೆಯೋ, ಶಿಲ್ಪಿಯ ಸಂಕೇತವೋ ಎಂಬುದನ್ನು ಸ್ಥಳದಿಂದ ಸ್ಥಳಕ್ಕೆ ಹೋಲಿಸಿ ನೋಡಿದ ಬಳಿಕವೇ ನಿರ್ಣಯಕ್ಕೆ ಬರಬೇಕು.

ಕಡೆಯದಾಗಿ ಒಂದು ಸೂಚನೆ. ಸಂಗ್ರಹಾಲಯದಲ್ಲಾಗಲಿ ಕಾಲೇಜಿನ ಪ್ರದರ್ಶನದಲ್ಲಾಗಲಿ ಪುನರ್ರಚಿತ ಕವಚವೊಂದನ್ನು ಇಟ್ಟಾಗ, ಅದರ ಪಕ್ಕದಲ್ಲಿ ಮೂರು ಅಂಕಣಗಳ ಪಟ್ಟಿಯೊಂದನ್ನು ತೂಗಹಾಕುವುದು ಅಪೇಕ್ಷಣೀಯ. ಮೊದಲನೆಯದರಲ್ಲಿ ಅಗೆತದಲ್ಲಿ ದೊರೆತ ವಸ್ತುವಿನಿಂದ ತಿಳಿದ ಅಂಶಗಳು; ಎರಡನೆಯದರಲ್ಲಿ ಚಿತ್ರ ಮತ್ತು ಬರೆಹಗಳಿಂದ ಅನುಮಾನಿಸಿದ ಅಂಶಗಳು; ಮೂರನೆಯದರಲ್ಲಿ ತಯಾರಿಸಿದವನು ತಾನೇ ನಿರ್ಧರಿಸಿದ ಅಂಶಗಳು. ವಿಸ್ಬಿಯ ಕವಚದ ಪಟ್ಟಿಯಲ್ಲಿ ತಗಡುಗಳ ಜೋಡಣೆ ಮೊದಲನೆಯ ಅಂಕಣಕ್ಕೂ, ಒಳಗೆ ತೊಟ್ಟ ಹೊಲಿಗೆಯ ಅಂಗಿ ಎರಡನೆಯದಕ್ಕೂ, ಹೊದಿಕೆಯ ಬಣ್ಣ ಮೂರನೆಯದಕ್ಕೂ ಸೇರುತ್ತವೆ. ಹೆಸರೂ ಉಳಿಯದ ಆ ರೈತರ ವಿಷಯದಲ್ಲಿ ನಮಗಿರುವ ಸಾಕ್ಷ್ಯ ಬಹುಮಟ್ಟಿಗೆ ಅವರ ಎಲುಬು ಮತ್ತು ಅವರ ಕಬ್ಬಿಣ; ನಮ್ಮ ಊಹೆಯನ್ನು ಅದರಿಂದ ಬೇರ್ಪಡಿಸಿ ತೋರಿಸುವುದು ನಮ್ಮ ಹೊಣೆ.