ಕಿರ್ರೆನ್ನದ ನಾಜಲ್

ದಾವಣಗೆರೆಯ ಹಳೆ ಪಿ.ಬಿ. ರಸ್ತೆಯ ಗ್ಯಾರೇಜುಗಳ ಸಾಲಿನಲ್ಲಿ ಧೂಳಿಗೆ ಪ್ರವೇಶವಿಲ್ಲದ ಜಾಗ ಒಂದೇ, ಪಂಪ್ ರೂಮ್. ಬಾಗಿಲು ಸದಾ ಮುಚ್ಚಿರುತ್ತದೆ, ಚಪ್ಪಲಿ ಹೊರಗೇ ಬಿಡಬೇಕು. ಒಳಗೆ ಗೋಡೆಯ ಮೇಲೆ ಬಣ್ಣ ಮಾಸಿದ ‘ಮೈಕೋ’ ಬೋರ್ಡು. 1951ರಲ್ಲಿ ಹುಟ್ಟಿ, ಬೆಂಗಳೂರಿನ ಆಡುಗೋಡಿಯಲ್ಲಿ ಡೀಸೆಲ್ ಪಂಪು, ನಾಜಲ್‌ಗಳನ್ನು ತಯಾರಿಸಿದ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಟ್ರ್ಯಾಕ್ಟರ್ ತರುವ ರೈತರ ಬಾಯಲ್ಲಿ ಮಾತ್ರ ಅದು ಇಂದಿಗೂ ಮೈಕೋ ನಾಜಲ್ಲೇ.

ಮೇಸ್ತ್ರಿ ಟ್ರ್ಯಾಕ್ಟರಿನದೊಂದು ನಾಜಲ್ಲನ್ನು ಕೈ ಟೆಸ್ಟರಿಗೆ ಬಿಗಿದು ಹಿಡಿಕೆ ಒತ್ತುತ್ತಾರೆ. ಗೇಜಿನ ಮುಳ್ಳು 200 ಬಾರ್ ಹತ್ತಿರ ಏರಿದ್ದೇ ತಡ, ಕಿರ್ರ್ ಎಂಬ ಸದ್ದು. ತುದಿಯಿಂದ ಎಣ್ಣೆ ಸಾಂಬ್ರಾಣಿ ಹೊಗೆಯಂತೆ ಹರಡುತ್ತದೆ. ಹುಡುಗನೊಬ್ಬ ಕೈ ಚಾಚಿದರೆ ಗದರುತ್ತಾರೆ. ಆ ಒತ್ತಡದ ಎಣ್ಣೆ ಚರ್ಮ ತೂರಿ ಒಳಹೋದರೆ ಬೆರಳೇ ಹೋದೀತು. ಮುಂದಿನ ನಾಜಲ್ ಕಿರ್ರೆನ್ನುವುದಿಲ್ಲ. ತುದಿಯಲ್ಲಿ ಹನಿ ಕಟ್ಟಿ, ತೊಟ್ಟಿಕ್ಕುತ್ತದೆ. ಅದು ಕೆಟ್ಟಿರುವುದು ಮೇಸ್ತ್ರಿಯ ಕಣ್ಣಿಗಿಂತ ಮೊದಲು ಕಿವಿಗೇ ಗೊತ್ತಾಗಿರುತ್ತದೆ.

ಹೊರಗೆ ಬಿಎಸ್-4 ಪಿಕಪ್ ಗಾಡಿಯೊಂದು ಬಾನೆಟ್ ತೆರೆದು ನಿಂತಿದೆ. ದಿಬ್ಬ ಹತ್ತುವಾಗ ಕಪ್ಪು ಹೊಗೆ, ಜೊತೆಗೆ ಮಿಸ್ಸಿಂಗ್. ಡ್ರೈವರ್ ಹೋದ ವಾರ ಇಂಜೆಕ್ಟರ್ ಕ್ಲೀನರ್ ಒಂದು ಬಾಟಲಿ ಟ್ಯಾಂಕಿಗೆ ಸುರಿದಿದ್ದಾನೆ. ಹೊಗೆ ಕೊಂಚ ಇಳಿಯಿತು, ಮಿಸ್ಸಿಂಗ್ ಹೋಗಲಿಲ್ಲ. ಈಗ ಎರಡನೆಯ ಬಾಟಲಿ ಕೈಯಲ್ಲಿದೆ.

“ಮೇಸ್ತ್ರಿ, ಇದೊಂದು ಹಾಕಿದ್ರೆ ಸರಿ ಆಗ್ತತೇನ್ರಿ?”

“ಮೊದ್ಲು ಬಿಚ್ಚಿ ನೋಡಾಣ ತಡಿ ತಮ್ಮಾ.”

ಅವನ ಪ್ರಶ್ನೆ ದೇಶದ ಡೀಸೆಲ್ ಗಾಡಿಯವರೆಲ್ಲರ ಪ್ರಶ್ನೆ. ಇಂಥ ಗಾಡಿಗಳ ಕಾಮನ್ ರೇಲ್ ಎಂಜಿನ್ನಿನಲ್ಲಿ ಡೀಸೆಲ್ 1,600 ಬಾರ್ ಒತ್ತಡದಲ್ಲಿ, ಕೆಲವದರಲ್ಲಿ ಅದಕ್ಕೂ ಮಿಕ್ಕಿದ ಒತ್ತಡದಲ್ಲಿ ನುಗ್ಗುತ್ತದೆ. ನಾಜಲ್ಲಿನ ತೂತುಗಳು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಅಲ್ಲಿ ಕರಿ ಕಟ್ಟಿದರೆ ತುಂತುರು ಕೆಡುತ್ತದೆ, ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಒಳ್ಳೆಯ ಕ್ಲೀನರಿನ ಅಣುವಿಗೆ ಎರಡು ತುದಿ: ಒಂದು ಕರಿಗೆ ಅಂಟುತ್ತದೆ, ಇನ್ನೊಂದು ಡೀಸೆಲ್ಲಿನಲ್ಲಿ ಕರಗಿ ಅದನ್ನು ಎಳೆದೊಯ್ಯುತ್ತದೆ. ಇದು ಬರೀ ಜಾಹೀರಾತಿನ ಮಾತಲ್ಲ. ಯುರೋಪಿನ ಪ್ರಯೋಗಾಲಯಗಳಲ್ಲಿ ಡೀಸೆಲ್ಲಿಗೆ ದಶಲಕ್ಷಕ್ಕೆ ಒಂದು ಭಾಗ ಸತು ಬೆರೆಸಿ, ಪ್ಯೂಜೋ ಎಂಜಿನ್ನಿನ ನಾಜಲ್ಲಿನಲ್ಲಿ ಬೇಕೆಂದೇ ಕರಿ ಕಟ್ಟಿಸುತ್ತಾರೆ. ಎಂಜಿನ್ನಿನ ಶಕ್ತಿ ಕುಸಿಯುತ್ತದೆ. ಆಮೇಲೆ ತಕ್ಕ ಪ್ರಮಾಣದ ಡಿಟರ್ಜೆಂಟ್ ಹಾಕಿ ಓಡಿಸಿದರೆ ಕಳೆದ ಶಕ್ತಿ ಮರಳುವುದನ್ನು ಅಳೆದು ನೋಡಿದ್ದಾರೆ.

ಮೈಲೇಜಿನ ಮಾತು ಬೇರೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಧನ ಉಳಿಸುತ್ತೇವೆಂದ ನೂರಕ್ಕೂ ಹೆಚ್ಚು ಸಾಧನ, ದ್ರಾವಣಗಳನ್ನು ಪರಿಶೀಲಿಸಿತು. ಹೇಳಿಕೊಳ್ಳುವಂಥ ಉಳಿತಾಯ ಯಾವುದರಲ್ಲೂ ಸಿಗಲಿಲ್ಲ. ಸಾಲದ ಕಂತು ಕಟ್ಟುತ್ತಿರುವ ಡ್ರೈವರ್ ‘ಲೀಟರಿಗೆ ಎರಡು ಕಿಲೋಮೀಟರ್ ಜಾಸ್ತಿ’ ಎಂಬ ಮಾತು ನಂಬಿ ಪ್ರತಿ ಟ್ಯಾಂಕಿಗೂ ಬಾಟಲಿ ಸುರಿಯುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಟೂ-ಸ್ಟ್ರೋಕ್ ಆಯಿಲ್ ಬೆರೆಸುವವರೂ ಇದ್ದಾರೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ಲಿನಲ್ಲಿ ಗಂಧಕ ದಶಲಕ್ಷಕ್ಕೆ 10 ಭಾಗಕ್ಕಿಳಿದಿದೆ, ಹಾಗಾಗಿ ಪಂಪು ಒಣಗಿ ಸವೆಯುತ್ತದೆ ಎಂಬುದು ಅವರ ಭಯ. ಗಂಧಕ ತೆಗೆಯುವಾಗ ಡೀಸೆಲ್ಲಿನ ಜಾರುಗುಣ ತಗ್ಗುವುದು ನಿಜ. ಆದರೆ ಅದನ್ನು ತುಂಬುವ ಹೊಣೆ ತೈಲ ಕಂಪನಿಗಳದೇ. ಬಂಕಿಗೆ ಬರುವ ಡೀಸೆಲ್ ಸವೆತದ ಪರೀಕ್ಷೆಯಲ್ಲಿ 460 ಮೈಕ್ರಾನಿನ ಮಿತಿ ದಾಟುವಂತಿಲ್ಲ. ಸೀಮೆಎಣ್ಣೆ ಬೆರೆತ ಡೀಸೆಲ್ಲಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ, ಅದನ್ನು ಯಾವ ಬಾಟಲಿಯೂ ಸರಿಮಾಡದು. ಇನ್ನು ಚಳಿಗೆ ಡೀಸೆಲ್ ಹೆಪ್ಪುಗಟ್ಟದಂತೆ ತಡೆಯುವ ದ್ರಾವಣ ಲಡಾಖಿನಲ್ಲಿ ಪ್ರಾಣ ಉಳಿಸೀತು. ದಾವಣಗೆರೆಯ ಬಿಸಿಲಿಗೆ ಅದರ ಹಂಗಿಲ್ಲ.

ಪಿಕಪ್ಪಿನ ನಾಲ್ಕೂ ಇಂಜೆಕ್ಟರ್ ಬೆಂಚಿಗೆ ಏರಿವೆ. ಮೋಟಾರು ಗುಂಯ್‌ಗುಡುತ್ತದೆ, ಸಾಲು ಗಾಜಿನ ಕೊಳವೆಗಳಲ್ಲಿ ಎಣ್ಣೆ ಮೇಲೇರುತ್ತದೆ. ಮೂರರ ಮಟ್ಟ ಹೆಚ್ಚುಕಡಿಮೆ ಒಂದೇ. ಬಾಟಲಿ ಅಲ್ಲಿ ತನ್ನ ಕೆಲಸ ಮಾಡಿದೆ, ಅಲ್ಪಸ್ವಲ್ಪ ಕರಿ ಉಳಿದಿದೆ ಅಷ್ಟೆ. ನಾಲ್ಕನೆಯದರಲ್ಲಿ ಎಂಜಿನ್ನಿಗೆ ಹೋಗಬೇಕಾದ ಎಣ್ಣೆ ರಿಟರ್ನ್ ಕೊಳವೆಯಲ್ಲೇ ತುಂಬಿ ನಿಂತಿದೆ. ಮೇಸ್ತ್ರಿ ಅದನ್ನು ಬಿಚ್ಚಿ, ವಾಲ್ವಿನ ತುದಿಯನ್ನು ಮಸೂರದ ಕೆಳಗಿಟ್ಟು ಡ್ರೈವರನನ್ನು ಕರೆಯುತ್ತಾರೆ. ನೀರು ಸೇರಿದ ಡೀಸೆಲ್ ಕೊರೆದ ಗೆರೆಗಳು, ತುಕ್ಕಿನ ಚುಕ್ಕಿಗಳು.

“ಕರಿ ಆದ್ರೆ ತೊಳಿಬೌದು. ಸವೆದ ಕಬ್ಬಿಣ ಬಾಟ್ಲಿಯಿಂದ ಬೆಳಿತತೇನು?”

ಡ್ರೈವರ್ ಸ್ವಲ್ಪ ಹೊತ್ತು ಮಸೂರದಿಂದ ಕಣ್ಣು ತೆಗೆಯುವುದಿಲ್ಲ. ಆಮೇಲೆ ಖರ್ಚೆಷ್ಟು ಎಂದು ಕೇಳುತ್ತಾನೆ. ಹೊಸ ವಾಲ್ವ್ ಸೆಟ್, ಹೊಸ ಡೀಸೆಲ್ ಫಿಲ್ಟರ್, ಮೂರು ಇಂಜೆಕ್ಟರಿಗೆ ಕ್ಲೀನಿಂಗ್ ಎಂದು ಮೇಸ್ತ್ರಿ ಚೀಟಿ ಬರೆಯುತ್ತಾರೆ.

“ಹಂಗಾದ್ರೆ ಈ ಬಾಟ್ಲಿ ವಾಪಸ್ ಕೊಡ್ಲೇನ್ರಿ?”

“ಇಟ್ಕೊ. ಕರಿ ಕಟ್ದಾಗ ಒಂದ್ ಟ್ಯಾಂಕಿಗೆ ಹಾಕು. ಈಗ ಮೊದ್ಲು ಟ್ಯಾಂಕ್ ಇಳ್ಸಿ ನೀರು ಬಿಡು, ಇಲ್ದಿದ್ರೆ ಈ ಹೊಸ ವಾಲ್ವೂ ಹೋಗ್ತತಿ.”