ಗಣಕಕ್ಕೊಂದು ಎಸ್‌ಎಂಪಿಎಸ್: ಅಂದವೂ ಇರಲಿ, ಕಸುವೂ ಇರಲಿ

ಡೆಸ್ಕ್‌ಟಾಪ್ ಗಣಕ ಕೊಳ್ಳುವಾಗ ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು ಎಂದು ನೀವು ವಿಚಾರಿಸುತ್ತೀರಿ. ಇವೆಲ್ಲಕ್ಕೂ ವಿದ್ಯುತ್ ಉಣಿಸುವ ಪೆಟ್ಟಿಗೆಯ ಬಗ್ಗೆ ಕೇಳುವವರು ವಿರಳ. ಆದರೆ ಹುಬ್ಬಳ್ಳಿಯಲ್ಲಿ ಕೊಂಡು ಕಲಘಟಗಿ ತಾಲ್ಲೂಕಿನ ಬಮ್ಮಿಗಟ್ಟಿಯಂಥ ಊರಿಗೆ ಒಯ್ಯುವ ಗಣಕಕ್ಕೆ ಈ ಪೆಟ್ಟಿಗೆಯೇ ಮೊದಲ ಕಾವಲುಗಾರ. ಹಳ್ಳಿಯ ಉದ್ದನೆಯ ಲೈನಿನ ತುದಿಯಲ್ಲಿ ಹೊರೆ ಹೆಚ್ಚಿದಾಗ ವೋಲ್ಟೇಜ್ ಇಳಿಯುತ್ತದೆ. ಹೊರೆ ತಟ್ಟನೆ ಕಳಚಿದಾಗ ಏರುತ್ತದೆ. ಈ ಏರಿಳಿತವನ್ನು ಮೊದಲು ಎದುರಿಸುವುದು ಎಸ್‌ಎಂಪಿಎಸ್.

ಒಳಗೆ ನಡೆಯುವುದೇನು?

ಗೋಡೆಯ ಸಾಕೆಟ್ಟಿನಿಂದ ಬರುವುದು 230 ವೋಲ್ಟ್, 50 ಹರ್ಟ್ಸ್‌ನ ಪರ್ಯಾಯ ವಿದ್ಯುತ್. ಗಣಕಕ್ಕೆ ಬೇಕಾದದ್ದು 12, 5 ಮತ್ತು 3.3 ವೋಲ್ಟ್‌ಗಳ ನೇರ ವಿದ್ಯುತ್. ಎಸ್‌ಎಂಪಿಎಸ್ ಮೊದಲು ಪರ್ಯಾಯ ವಿದ್ಯುತ್ತನ್ನು 300 ವೋಲ್ಟ್ ಮೀರಿದ ನೇರ ವಿದ್ಯುತ್ತಾಗಿಸಿ ಕೆಪಾಸಿಟರಿನಲ್ಲಿ ಕೂಡಿಡುತ್ತದೆ. ಬಳಿಕ ಟ್ರಾನ್ಸಿಸ್ಟರುಗಳು ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಕಡಿದು ಜೋಡಿಸುತ್ತವೆ. ಆವರ್ತನ ಇಷ್ಟು ಹೆಚ್ಚಿದ್ದರೆ ಪುಟ್ಟ ಟ್ರಾನ್ಸ್‌ಫಾರ್ಮರೇ ಸಾಕಾಗುತ್ತದೆ. ಪೆಟ್ಟಿಗೆ ಹಗುರವಾಗಿರುವುದು ಇದರಿಂದಲೇ.

ವಾಟ್ ಲೆಕ್ಕ

ಪ್ರೊಸೆಸರಿಗೆ 65, ಬೋರ್ಡು ಮತ್ತು ಮೆಮೊರಿಗೆ 40, ಡಿಸ್ಕು ಮತ್ತು ಫ್ಯಾನುಗಳಿಗೆ 20 ಎಂದಿಟ್ಟುಕೊಳ್ಳಿ. ಒಟ್ಟು 125 ವಾಟ್. ಪ್ರೊಸೆಸರ್ ಕ್ಷಣಕಾಲ ಇದಕ್ಕಿಂತ ಹೆಚ್ಚು ಎಳೆಯಬಹುದು. ಆದ್ದರಿಂದ ಇಮ್ಮಡಿಗಿಂತ ಹೆಚ್ಚು, ಅಂದರೆ 300ರಿಂದ 400 ವಾಟ್ ಸಾಕು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದರ ವಾಟನ್ನೂ ಕೂಡಿಸಿ.

ಪೆಟ್ಟಿಗೆಯ ಮೇಲಿನ ದೊಡ್ಡ ಅಕ್ಷರದ ಸಂಖ್ಯೆಯನ್ನಷ್ಟೇ ನಂಬಬೇಡಿ. ಪಕ್ಕದ ಚೀಟಿಯಲ್ಲಿ 12 ವೋಲ್ಟಿನ ಎದುರು ಎಷ್ಟು ಆಂಪಿಯರ್ ಇದೆ ನೋಡಿ. ಅಲ್ಲಿ 18 ಎಂದಿದ್ದರೆ 12ರಿಂದ ಗುಣಿಸಿ: 216 ವಾಟ್. ಹೊರಗೆ 450 ಎಂದು ಬರೆದಿದ್ದರೂ ಇಂದಿನ ಗಣಕಕ್ಕೆ ನಿಜವಾಗಿ ಸಿಗುವುದು ಇಷ್ಟೇ. ಏಕೆಂದರೆ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಬಹುಪಾಲು 12 ವೋಲ್ಟಿನಿಂದಲೇ ಉಣ್ಣುತ್ತವೆ.

ದಕ್ಷತೆ

ಪಡೆದ ವಿದ್ಯುತ್ತಿನ ಒಂದು ಭಾಗ ಶಾಖವಾಗಿ ಹೋಗುತ್ತದೆ. 2004ರಲ್ಲಿ ಆರಂಭವಾದ '80 ಪ್ಲಸ್' ಪ್ರಮಾಣಪತ್ರದ 'ಬ್ರಾಂಝ್' ದರ್ಜೆಯ ಪೆಟ್ಟಿಗೆ ಅರ್ಧ ಹೊರೆಯಲ್ಲಿ ಶೇಕಡ 85ರಷ್ಟು ದಕ್ಷವಾಗಿರಬೇಕು. ಗಣಕಕ್ಕೆ 100 ವಾಟ್ ಬೇಕಿದ್ದರೆ, ಶೇಕಡ 70 ದಕ್ಷತೆಯ ಪೆಟ್ಟಿಗೆ 143 ವಾಟ್ ಎಳೆಯುತ್ತದೆ. ಶೇಕಡ 85ರದ್ದು 118. ದಿನಕ್ಕೆ 6 ಗಂಟೆಯಂತೆ 300 ದಿನ ಬಳಸಿದರೆ ವರ್ಷಕ್ಕೆ 45 ಯೂನಿಟ್ ಉಳಿತಾಯ. ಶಾಖ ಕಡಿಮೆಯಾದಂತೆ ಕೆಪಾಸಿಟರುಗಳ ಆಯುಸ್ಸೂ ಹೆಚ್ಚುತ್ತದೆ.

ಕರೆಂಟ್ ಹೋದಾಗ

ಒಳ್ಳೆಯ ಎಸ್‌ಎಂಪಿಎಸ್ ಕರೆಂಟ್ ಹೋದ ಮೇಲೂ ಸುಮಾರು 16 ಮಿಲಿಸೆಕೆಂಡು ಗಣಕವನ್ನು ನಡೆಸಬಲ್ಲದು. ಸಾಮಾನ್ಯ ಯುಪಿಎಸ್ 10 ಮಿಲಿಸೆಕೆಂಡಿನೊಳಗೆ ಹೊರೆ ಹೊತ್ತುಕೊಳ್ಳುವುದರಿಂದ ನಿಮ್ಮ ಕೆಲಸ ನಿಲ್ಲುವುದಿಲ್ಲ. ಕಳಪೆ ಪೆಟ್ಟಿಗೆಯಲ್ಲಿ ಕೆಪಾಸಿಟರ್ ಚಿಕ್ಕದು. ಯುಪಿಎಸ್ ಇದ್ದರೂ ಗಣಕ ಆರಿ ಹೊತ್ತಿಕೊಳ್ಳುತ್ತದೆ.

'ಆಕ್ಟಿವ್ ಪಿಎಫ್‌ಸಿ' ಇರುವ ಪೆಟ್ಟಿಗೆಗಳಲ್ಲಿ ಹಲವು 100ರಿಂದ 240 ವೋಲ್ಟ್‌ವರೆಗೆ ಕೆಲಸ ಮಾಡುತ್ತವೆ. ವೋಲ್ಟೇಜ್ ಕುಸಿಯುವ ಊರುಗಳಿಗೆ ಇದು ವರದಾನ. ಆದರೆ ಇಂಥ ಕೆಲವು ಪೆಟ್ಟಿಗೆಗಳು ಚೌಕ ಅಲೆಯ ಇನ್ವರ್ಟರಿಗೆ ಹೊಂದುವುದಿಲ್ಲ. ಮನೆಯ ಇನ್ವರ್ಟರಿಗೇ ಗಣಕ ಜೋಡಿಸುವುದಾದರೆ ಅದು ಶುದ್ಧ ಸೈನ್ ಅಲೆಯದ್ದಾಗಿರಲಿ.

ಜುಮ್ಮೆನ್ನುವ ಕ್ಯಾಬಿನೆಟ್

ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆಯೇ? ಎಸ್‌ಎಂಪಿಎಸ್‌ನ ಶೋಧಕದಲ್ಲಿರುವ ಪುಟ್ಟ ಕೆಪಾಸಿಟರುಗಳಿಂದ ಅತ್ಯಲ್ಪ ವಿದ್ಯುತ್ ಲೋಹದ ಮೈಗೆ ಸೋರುತ್ತಿರುತ್ತದೆ. ಅದನ್ನು ನೆಲಕ್ಕಿಳಿಸಲೆಂದೇ ಪ್ಲಗ್ಗಿಗೆ ಮೂರನೆಯ, ದಪ್ಪ ಪಿನ್ನು ಇದೆ. ಸಾಕೆಟ್ಟಿನಲ್ಲಿ ಅರ್ಥಿಂಗ್ ಇಲ್ಲದಿದ್ದರೆ ಎಂಥ ದುಬಾರಿ ಪೆಟ್ಟಿಗೆಯೂ ಜುಮ್ಮೆನ್ನಿಸುತ್ತದೆ. ಒಳಗೆ ತಂತಿಯ ಹೊದಿಕೆ ಕೆಟ್ಟ ದಿನ ಅದೇ ಪ್ರಾಣಕ್ಕೆ ಮುಳುವಾದೀತು. ಶಾಲೆಯ ಗಣಕ ಕೊಠಡಿಯಲ್ಲಂತೂ ಮೊದಲು ಅರ್ಥಿಂಗ್ ಆಗಲಿ, ಆಮೇಲೆ ಗಣಕ ಬರಲಿ.

ಅಂದದ ಮಾತು

ಬಣ್ಣದ ದೀಪಗಳಿಂದ ಕಸುವು ಹೆಚ್ಚುವುದಿಲ್ಲ. ಉಪಯೋಗಕ್ಕೆ ಬರುವ ಅಂದವೆಂದರೆ ಬೇಕಾದಷ್ಟೇ ತಂತಿ ಸಿಕ್ಕಿಸಿಕೊಳ್ಳುವ 'ಮಾಡ್ಯುಲರ್' ಪದ್ಧತಿ. ತಂತಿಗಳ ಗೋಜಲು ತಪ್ಪಿ ಗಾಳಿ ಸರಾಗವಾಗಿ ಆಡುತ್ತದೆ, ಭತ್ತದ ಸುಗ್ಗಿಯ ಧೂಳನ್ನು ಒರೆಸುವುದೂ ಸುಲಭ. ಒಂದು ಎಚ್ಚರ: ಈ ತಂತಿಗಳನ್ನು ಬೇರೆ ಮಾದರಿಯ ಪೆಟ್ಟಿಗೆಗೆ ಸಿಕ್ಕಿಸಬೇಡಿ. ಪಿನ್ನುಗಳ ಜೋಡಣೆ ಬೇರೆಯಿದ್ದರೆ ಡಿಸ್ಕು ಸುಟ್ಟುಹೋಗುತ್ತದೆ.

ಎಸ್‌ಎಂಪಿಎಸ್ ಕೆಟ್ಟರೆ ನೀವೇ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ ಅಪಾಯಕಾರಿ ವೋಲ್ಟೇಜನ್ನು ಹಿಡಿದಿಟ್ಟುಕೊಂಡಿರಬಹುದು. ಗುಡುಗು–ಸಿಡಿಲಿನ ಸೂಚನೆ ಕಂಡರೆ ಸ್ವಿಚ್ ಆರಿಸಿದರೆ ಸಾಲದು, ಮಳೆ ಶುರುವಾಗುವ ಮೊದಲೇ ಪ್ಲಗ್ಗನ್ನು ಕಿತ್ತುಬಿಡಿ. ಯಾವ ಪ್ರಮಾಣಪತ್ರವೂ ಸಿಡಿಲನ್ನು ತಡೆಯಲಾರದು.