ದ್ವೀಪಪ್ರವಾಸದ ಆಯ್ಕೆ: ಬಾಗಿಲು ಹಾಕುವ ದಿನಗಳ ಲೆಕ್ಕ

ಮಾರಿಕುಪ್ಪಂನಲ್ಲಿ ರೈಲುಹಳಿ ಮುಗಿಯುತ್ತದೆ. ಚಿನ್ನದ ಗಣಿಗಳಿಗಾಗಿ 1894ರಲ್ಲಿ ಬಂಗಾರಪೇಟೆಯಿಂದ ಹಾಕಲಾದ ಈ ಕವಲುಮಾರ್ಗದ ಆಸುಪಾಸಿನ ವರ್ತಕರಿಗೆ ಪ್ರವಾಸವೆಂದರೆ ಬಹುಕಾಲ ತಿರುಪತಿ, ಇಲ್ಲವೇ ಬಂಧುಗಳ ಮದುವೆ. ಈಗ ಡೀಲರ್ ಯೋಜನೆಗಳಿಂದಲೋ ಮಕ್ಕಳ ಒತ್ತಾಯದಿಂದಲೋ ದ್ವೀಪಗಳ ಮಾತು ಕೇಳಿಬರುತ್ತಿದೆ. ಏಜೆಂಟರ ಕರಪತ್ರದಲ್ಲಿ ದರವಷ್ಟೇ ಎದ್ದು ಕಾಣುತ್ತದೆ. ಸಣ್ಣ ವ್ಯಾಪಾರಸ್ಥನು ನೋಡಬೇಕಾದ ಅಂಕಿ ಬೇರೆ. ಅದು ಅಂಗಡಿಯ ಬಾಗಿಲು ಹಾಕಿರುವ ದಿನಗಳ ಸಂಖ್ಯೆ. ಬಾಡಿಗೆ, ಸಂಬಳ, ಬ್ಯಾಂಕಿನ ಬಡ್ಡಿ ಆ ದಿನಗಳಲ್ಲೂ ನಿಲ್ಲುವುದಿಲ್ಲ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಮೇಲೆ ಇಲ್ಲಿನ ಅನೇಕ ಗಿರಾಕಿಗಳು ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವರು. ಅಂಗಡಿ ಮುಚ್ಚಿದ್ದರೆ ಸಾಮಾನನ್ನು ಅಲ್ಲಿಂದಲೇ ತರಬಲ್ಲರು.

ಕಡಲತೀರ, ಇತಿಹಾಸ, ನಿಸರ್ಗ ಈ ಮೂರೂ ಬೇಕೆನ್ನುವ ಕುಟುಂಬಕ್ಕೆ ಅತಿ ಸಮೀಪದ್ದು ಉಡುಪಿಯ ಮಲ್ಪೆ ಬಳಿಯ ಸೇಂಟ್ ಮೇರಿಸ್ ದ್ವೀಪ. ಲಾವಾ ತಣಿದು ಕಂಬಗಳಂತೆ ನಿಂತ ಅಲ್ಲಿನ ಶಿಲೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅದೇ ಪಟ್ಟಿಯಲ್ಲಿ ಕೋಲಾರ ಚಿನ್ನದ ಗಣಿ ಪ್ರದೇಶದ ಪೆದ್ದಪಲ್ಲಿಯ ದಿಂಬು ಲಾವಾ ಶಿಲೆಗಳೂ ಇವೆ ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು? ಮೂರು ದಿನ ಸಾಕು; ಆದರೆ ದ್ವೀಪದಲ್ಲಿ ತಂಗುವಂತಿಲ್ಲ, ಮಳೆಗಾಲದಲ್ಲಿ ದೋಣಿಯೂ ಇಲ್ಲ.

ಲಕ್ಷದ್ವೀಪಕ್ಕೆ ಕೊಚ್ಚಿಯಿಂದ ಹಡಗು ಇಲ್ಲವೇ ವಿಮಾನದಲ್ಲಿ ಹೋಗಬಹುದು. ಭಾರತೀಯರಿಗೂ ಪ್ರವೇಶಪತ್ರ ಕಡ್ಡಾಯವಾದುದರಿಂದ ಅದು ಕೈಸೇರುವ ಮೊದಲು ಟಿಕೆಟ್ ಕೊಳ್ಳುವುದು ಅವಿವೇಕ. ಅಮಿನಿ, ಕಡಮತ್ತು ಮೊದಲಾದ ಉತ್ತರದ ದ್ವೀಪಗಳು ಟಿಪ್ಪುವಿನ ಅಧೀನದಲ್ಲಿದ್ದು, 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವು. ಬಂಗಾರಪೇಟೆಯವರಿಗೆ ಅಲ್ಲೊಂದು ಬಂಗಾರಂ ದ್ವೀಪವೂ ಉಂಟು! ಹವಳದ ಲಗೂನುಗಳ ವಿಷಯದಲ್ಲಿ ಇದಕ್ಕೆ ಸಾಟಿಯಿಲ್ಲ. ನೋಡಲು ಸಿಗುವ ಇತಿಹಾಸ ಮಾತ್ರ ಸ್ವಲ್ಪ.

ಮೂರನ್ನೂ ತೂಗಿ ನೋಡಿದರೆ ಅಂಡಮಾನ್ ಮುಂದೆ ನಿಲ್ಲುತ್ತದೆ. ಪೋರ್ಟ್ ಬ್ಲೇರ್‌ಗೆ 2024ರಿಂದ ಶ್ರೀ ವಿಜಯಪುರಂ ಎಂಬ ಹೆಸರು. ಬಂಗಾರಪೇಟೆಯಿಂದ ರೈಲಿನಲ್ಲಿ ಚೆನ್ನೈ ತಲುಪಿದರೆ ಅಲ್ಲಿಂದ ವಿಮಾನದಲ್ಲಿ ಎರಡು ಗಂಟೆಗಿಂತ ತುಸು ಹೆಚ್ಚು. ಹಡಗಿಗೆ ಸುಮಾರು ಮೂರು ದಿನ ಬೇಕು. ಅಂಗಡಿಯವನ ಮಟ್ಟಿಗೆ ಅದು ಅಗ್ಗದ ದುಬಾರಿ ಮಾರ್ಗ. 1896ರಿಂದ 1906ರವರೆಗೆ ಕಟ್ಟಲಾದ ಸೆಲ್ಯುಲರ್ ಜೈಲಿನಲ್ಲಿ 696 ಒಂಟಿಕೋಣೆಗಳಿದ್ದವು. ಏಳು ಪಾರ್ಶ್ವಗಳಲ್ಲಿ ಈಗ ಉಳಿದಿರುವುದು ಮೂರು. ಕೈದಿಗಳನ್ನು ಎತ್ತಿನಂತೆ ಗಾಣಕ್ಕೆ ಹೂಡಿ ಎಣ್ಣೆ ತೆಗೆಸುತ್ತಿದ್ದ ಸ್ಥಳವದು. ಎಣ್ಣೆ ವ್ಯಾಪಾರಿಗಳು ಅಲ್ಲಿ ಒಂದು ನಿಮಿಷ ಹೆಚ್ಚು ನಿಂತಾರು. ಎದುರಿನ ರಾಸ್ ದ್ವೀಪ 2018ರಿಂದ ನೇತಾಜಿಯವರ ಹೆಸರಿನಲ್ಲಿದ್ದು, ಬ್ರಿಟಿಷರ ಪಾಳುಕಟ್ಟಡಗಳನ್ನು ಮರದ ಬೇರುಗಳು ಅಲ್ಲಿ ಹಿಡಿದು ನಿಲ್ಲಿಸಿವೆ. ಕಡಲತೀರಕ್ಕೆ ಸ್ವರಾಜ್ ದ್ವೀಪದ ರಾಧಾನಗರ. 2018ಕ್ಕೆ ಮೊದಲು ಹ್ಯಾವ್‌ಲಾಕ್ ಎನ್ನುತ್ತಿದ್ದುದು ಇದನ್ನೇ. ಸಮುದ್ರ ಪ್ರಕ್ಷುಬ್ಧವಾದರೆ ಅಲ್ಲಿಗೆ ಹೋಗುವ ದೋಣಿಗಳು ರದ್ದಾಗುವುದುಂಟು. ಆದುದರಿಂದ ಹಿಂದಿರುಗುವ ವಿಮಾನದ ಹಿಂದಿನ ರಾತ್ರಿ ಶ್ರೀ ವಿಜಯಪುರಂನಲ್ಲಿಯೇ ಇರುವಂತೆ ಕಾರ್ಯಕ್ರಮ ಹಾಕಿಕೊಳ್ಳಬೇಕು. ಇಷ್ಟಕ್ಕೆ ಆರು ದಿನ ಬೇಕು. ನಾಲ್ಕು ದಿನದ ಪ್ಯಾಕೇಜಿನಲ್ಲಿ ಅರ್ಧ ಕಾಲ ಕಳೆಯುವುದು ಜೆಟ್ಟಿಯಲ್ಲಿ. ಹವಳದ ತುಂಡುಗಳನ್ನು ಚೀಲದಲ್ಲಿ ತರುವುದು ವನ್ಯಜೀವಿ ಕಾಯಿದೆಯಡಿ ಅಪರಾಧವೆಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಡುವುದು ಲೇಸು.

ಯಾವಾಗ ಹೊರಡಬೇಕು? ಅಲ್ಲಿ ಮೇ ಮೂರನೆಯ ವಾರದ ಹೊತ್ತಿಗೆ ಮುಂಗಾರು ಕಾಲಿಡುತ್ತದೆ. ಸಂಕ್ರಾಂತಿ ವ್ಯಾಪಾರ ಮುಗಿದು ಮಾರ್ಚ್ ಲೆಕ್ಕ ಆರಂಭವಾಗುವ ನಡುವಿನ ಅವಧಿ ಉತ್ತಮ. ಜಿಎಸ್‌ಟಿ ಮಾಸಿಕ ವಿವರಪಟ್ಟಿ ಸಲ್ಲಿಸುವವರಿಗೆ 11 ಮತ್ತು 20ನೆಯ ತಾರೀಖುಗಳು ಗಡುವು. 21ರಂದು ಹೊರಟು ಮುಂದಿನ 10ರೊಳಗೆ ಮರಳಿದರೆ ತಡಶುಲ್ಕದ ಚಿಂತೆಯಿಲ್ಲ. ಮಕ್ಕಳ ಪರೀಕ್ಷೆ ಅಡ್ಡ ಬಂದರೆ ಏಪ್ರಿಲ್ ಕೊನೆಯ ವಾರ, ಸೆಕೆ ಸಹಿಸಬೇಕಷ್ಟೆ.

ಇನ್ನು ಖರ್ಚು. ಕುಟುಂಬದ ಪ್ರವಾಸವನ್ನು ಪ್ರಯಾಣವೆಚ್ಚವೆಂದು ಅಂಗಡಿಯ ಖಾತೆಗೆ ಬರೆಯುವ ಅಭ್ಯಾಸ ವ್ಯಾಪಕವಾಗಿದೆ. ಅದು ಮಾಲೀಕನ ಸ್ವಂತ ಹಣವಾಪಸು, ವ್ಯವಹಾರದ ವೆಚ್ಚವಲ್ಲ. ಅದರ ಜಿಎಸ್‌ಟಿ ಹೂಡುವಳಿ ತೆರಿಗೆಯೂ ಜಮೆಯಾಗದು. ಕಂಪನಿಯು ಡೀಲರಿಗೆ ಕೊಡುವ “ಉಚಿತ” ಪ್ರವಾಸವೂ ಉಚಿತವಲ್ಲ. 2022ರ ಜುಲೈ 1ರಿಂದ ವರ್ಷಕ್ಕೆ 20,000 ರೂಪಾಯಿ ಮೀರುವ ಇಂತಹ ಸೌಲಭ್ಯದ ಮೇಲೆ ಶೇಕಡಾ 10ರ ಮೂಲದಲ್ಲಿ ತೆರಿಗೆ ಕಡಿತವಿದೆ. ದಂಪತಿಗಳ ಪ್ರವಾಸದ ಮೌಲ್ಯ 80,000 ರೂಪಾಯಿ ಎಂದಿಟ್ಟುಕೊಳ್ಳೋಣ. ಕಡಿತ 8,000. ಆದರೆ ಅಷ್ಟೂ ಮೌಲ್ಯ ಡೀಲರನ ವ್ಯವಹಾರದ ಆದಾಯಕ್ಕೆ ಸೇರುವುದರಿಂದ, ಶೇಕಡಾ 30ರ ದರದಲ್ಲಿರುವವನ ಹೊಣೆ 24,000. ಉಳಿದ 16,000 ಮತ್ತು ಸೆಸ್ ಅನ್ನು ಕೈಯಿಂದ ಕಟ್ಟಬೇಕು. ಇದನ್ನು ಮರೆತು ವಿವರಪಟ್ಟಿ ಸಲ್ಲಿಸಿದವರಿಗೆ, ಕಂಪನಿ ನೀಡಿದ ಮಾಹಿತಿಯೊಡನೆ ತಾಳೆಯಾಗದೆ ನೋಟೀಸು ಬರುವ ಸಂಭವವಿದೆ. ಯೋಜನೆಯಲ್ಲಿ ಪ್ರವಾಸದ ಬದಲು ಬಿಲ್ಲಿನಲ್ಲಿಯೇ ರಿಯಾಯಿತಿ ಪಡೆಯುವ ಅವಕಾಶವಿದ್ದರೆ ಎರಡನ್ನೂ ತೂಗಿ ನೋಡತಕ್ಕದ್ದು.

ಶ್ರೀಲಂಕೆಯ ಗಾಲ್ ಕೋಟೆ, ಸಿಗಿರಿಯ ಬಂಡೆಗಳು ಆಕರ್ಷಕವೇ. ತಮಿಳು ಬಲ್ಲ ಕೆ.ಜಿ.ಎಫ್. ಕುಟುಂಬಗಳಿಗೆ ಭಾಷೆಯ ತೊಡಕೂ ಕಡಿಮೆ. ಆದರೆ ವಿದೇಶಿ ಪ್ಯಾಕೇಜಿನ ಮೇಲೆ 2020ರ ಅಕ್ಟೋಬರ್‌ನಿಂದ ಏಜೆಂಟರು ಮೂಲದಲ್ಲಿಯೇ ತೆರಿಗೆ ವಸೂಲು ಮಾಡಬೇಕಾಗಿದೆ. ಅದರ ದರ ಹಲವು ಬಾರಿ ಬದಲಾಗಿರುವುದರಿಂದ ಹಣ ಕಟ್ಟುವ ದಿನದ ದರವನ್ನು ವಿಚಾರಿಸಬೇಕು, ಬಿಲ್ಲಿನಲ್ಲಿ ಸರಿಯಾದ ಪ್ಯಾನ್ ಸಂಖ್ಯೆ ನಮೂದಾಗಿದೆಯೇ ಎಂದು ನೋಡಬೇಕು. ಕಟ್ಟಿದ ಮೊತ್ತ ವಾರ್ಷಿಕ ತೆರಿಗೆಯಲ್ಲಿ ಜಮೆಯಾಗುತ್ತದೆ. ಅಲ್ಲಿಯವರೆಗೆ ಅಷ್ಟು ದುಡಿಯುವ ಬಂಡವಾಳ ಅಂಗಡಿಯಿಂದ ಹೊರಗಿರುತ್ತದೆ.